ಓದುಗರ ಪ್ರಶ್ನೆಗಳು: ದ್ವೀಪದ ಹಾಡನ್ನು ಕಾಗದಕ್ಕೆ ಇಳಿಸಿದವರು

ಐರ್ಲೆಂಡಿನ ಪಶ್ಚಿಮ ಕಡಲಿನ ದ್ವೀಪಗಳಲ್ಲಿ ಹಾಡು ಸಂಗ್ರಹಿಸಿದವರ ಕುರಿತು ಬಂದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಒಂದರ ಉತ್ತರ ಇನ್ನೊಂದಕ್ಕೆ ಬೇಕಾಗುವುದರಿಂದ ಓದುಗರು ಇವನ್ನು ಕ್ರಮವಾಗಿ ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ನಾನು ನಿವೃತ್ತ ಸಂಗೀತ ಶಿಕ್ಷಕಿ. ಧ್ವನಿಮುದ್ರಣ ಯಂತ್ರವಿಲ್ಲದ ಕಾಲದಲ್ಲಿ ವಿದ್ವಾಂಸರು ಐರ್ಲೆಂಡಿನ ಅರನ್ ದ್ವೀಪಗಳಿಗೆ ಹೋಗಿ, ಅಲ್ಲಿಯವರ ಹಾಡುಗಳನ್ನು ಕಿವಿಯಿಂದ ಕೇಳಿ ಬರೆದುಕೊಂಡು ಬಂದರೆಂದು ಓದಿದೆ. ಗೊತ್ತಿಲ್ಲದ ಧಾಟಿಯೊಂದನ್ನು ಕೇಳುತ್ತಲೇ ಸ್ವರಲಿಪಿಗೆ ಇಳಿಸುವುದು ಎಷ್ಟು ಕಷ್ಟವೆಂದು ನನಗೆ ತಿಳಿದಿದೆ. ಅವರು ಅದನ್ನು ಹೇಗೆ ಮಾಡಿದರು? ಹಾಗೆ ಬರೆದದ್ದನ್ನು ನಂಬಬಹುದೇ? (ಧಾರವಾಡದ ಓದುಗರು)

ಉತ್ತರ: ಈ ಕೆಲಸ ನಡೆದ ರೀತಿಯನ್ನು ಕಣ್ಣಾರೆ ಕಂಡವರೇ ಬರೆದಿಟ್ಟ ವಿವರ ನಮಗೆ ಸಿಗುತ್ತದೆ ಎಂಬುದು ಅದೃಷ್ಟ. 1857ರಲ್ಲಿ ಬ್ರಿಟಿಷ್ ವಿಜ್ಞಾನ ಪ್ರಗತಿ ಸಂಘದ ಅಧಿವೇಶನ ಡಬ್ಲಿನ್ನಿನಲ್ಲಿ ನಡೆದಾಗ, ಅದರ ಸದಸ್ಯರ ಒಂದು ದೊಡ್ಡ ತಂಡ ಪ್ರಸಿದ್ಧ ವೈದ್ಯರಾದ ವಿಲಿಯಂ ವೈಲ್ಡ್ ಅವರ ಮುಂದಾಳುತನದಲ್ಲಿ ಗಾಲ್ವೇ ಕೊಲ್ಲಿಯ ಬಾಯಲ್ಲಿರುವ ಅರನ್ ದ್ವೀಪಗಳಿಗೆ ಹೋಯಿತು. ಅಟ್ಲಾಂಟಿಕ್ ಸಾಗರಕ್ಕೆ ನೇರವಾಗಿ ಇಳಿಯುವ ಬಂಡೆಯಂಚಿನ ಮೇಲೆ ನಿಂತಿರುವ ಡೂನ್ ಏಂಗಸ್ ಎಂಬ ಪ್ರಾಚೀನ ಕಲ್ಲುಕೋಟೆಯೊಳಗೆ ಅವರ ಔತಣವೂ ನಡೆಯಿತು. ತಂಡದ ಹೆಚ್ಚಿನವರು ಹಿಂದಿರುಗಿದ ಮೇಲೂ ಉಳಿದುಕೊಂಡ ಕೆಲವರಲ್ಲಿ ಇಬ್ಬರು ನಮಗೆ ಮುಖ್ಯರು: ಚಿತ್ರಕಾರರೂ ಪುರಾತತ್ವಜ್ಞರೂ ಪಿಟೀಲುವಾದಕರೂ ಆಗಿದ್ದ, ಆ ವೇಳೆಗೆ ಅರವತ್ತು ದಾಟಿದ್ದ ಜಾರ್ಜ್ ಪೆಟ್ರಿ, ಮತ್ತು ಅರನ್‌ಗೆ ಎದುರು ದಡದ ಕ್ಲೇರ್ ಪ್ರದೇಶದಲ್ಲಿ ಐರಿಷ್ ಮಾತಾಡುವ ಮನೆಯಲ್ಲಿ ಹುಟ್ಟಿ, ಹಳೆಯ ಹಸ್ತಪ್ರತಿಗಳ ಓದಿನಲ್ಲಿ ತಮ್ಮ ಕಾಲಕ್ಕೆ ಸಾಟಿಯಿಲ್ಲದವರೆನಿಸಿಕೊಂಡಿದ್ದ ಯೂಜೀನ್ ಓಕರ್ರಿ. ಇವರ ಗೆಳೆಯರಾದ ವೈದ್ಯ ವಿಲಿಯಂ ಸ್ಟೋಕ್ಸ್ ಮುಂದೆ 1868ರಲ್ಲಿ ಪ್ರಕಟಿಸಿದ ಪೆಟ್ರಿಯವರ ಜೀವನಚರಿತ್ರೆಯಲ್ಲಿ ಆ ಸಂಜೆಗಳನ್ನು ವರ್ಣಿಸಿದ್ದಾರೆ.

ಮೊದಲು ಹಳೆಯ ಹಾಡು ಬಲ್ಲವರು ಯಾರು ಯಾರು ಎಂದು ಊರಲ್ಲಿ ವಿಚಾರಿಸಿ, ಅವರೆಲ್ಲ ಸಂಜೆ ಒಂದು ಗುಡಿಸಲಿಗೆ ಬರುವಂತೆ ಏರ್ಪಾಡು ಮಾಡುತ್ತಿದ್ದರು. ಕತ್ತಲಾದ ಮೇಲೆ ಪೆಟ್ರಿ ತಮ್ಮ ಸ್ವರಲಿಪಿಯ ಪುಸ್ತಕವನ್ನೂ ಪಿಟೀಲನ್ನೂ ಹಿಡಿದು ಓಕರ್ರಿಯವರೊಡನೆ ಅಲ್ಲಿಗೆ ಹೋಗುತ್ತಿದ್ದರು. ಒಲೆಯ ಮೂಲೆಯಲ್ಲಿ ಒಂದು ಗಿಡ್ಡ ಮಣೆಯ ಮೇಲೆ ಹಾಡುಗಾರರು, ಎದುರಿಗೆ ಎರಡು ಕುರ್ಚಿಗಳಲ್ಲಿ ಇವರಿಬ್ಬರು, ಸುತ್ತಲೂ ನಿಂತ ಊರ ಜನ. ಒಳಗೆ ಜಾಗ ಸಿಗದವರು ಹೊರಗೆ ಗುಂಪುಗೂಡಿರುತ್ತಿದ್ದರು. ಹಾಡುವವರು ಒಮ್ಮೆ ಮುದುಕಿ, ಒಮ್ಮೆ ಹದಿಹರೆಯದ ಹುಡುಗಿ, ಒಮ್ಮೆ ಯುವಕ. ಅವರು ಹಾಡನ್ನು ಒಮ್ಮೆ ಪೂರ್ತಿಯಾಗಿ ಹೇಳಿದ ಮೇಲೆ ಓಕರ್ರಿ ಅದರ ಐರಿಷ್ ಪದಗಳನ್ನು ಬರೆದುಕೊಳ್ಳುತ್ತಿದ್ದರು. ಆಮೇಲೆ ಪೆಟ್ರಿಯವರ ಸರದಿ. ಹಾಡುಗಾರರು ಮತ್ತೆ ಮೊದಲಿನಿಂದ ಹಾಡುತ್ತ, ಎರಡು ಮೂರು ಆವರ್ತಗಳಿಗೊಮ್ಮೆ ಪೆಟ್ರಿ ಸನ್ನೆ ಮಾಡಿದಲ್ಲಿ ನಿಲ್ಲಿಸಬೇಕು. ಬರೆದದ್ದು ಸರಿಯಾಗುವ ತನಕ ಆ ತುಣುಕನ್ನೇ ಮತ್ತೆ ಮತ್ತೆ ಹಾಡಬೇಕು. ಬಳಿಕ ನಿಲ್ಲಿಸಿದ ಜಾಗದಿಂದಲೇ ಮುಂದುವರಿಯಬೇಕು. ಧಾಟಿ ಪೂರ್ತಿ ಕೈಗೆ ಬಂದ ಮೇಲೆ ಇನ್ನೊಮ್ಮೆ ತಡೆಯಿಲ್ಲದೆ ಹಾಡಿಸಿ, ತಪ್ಪುಗಳನ್ನು ತಿದ್ದಿ, ಕೊನೆಗೆ ಪೆಟ್ರಿ ತಮ್ಮ ಪಿಟೀಲಿನಲ್ಲಿ ಅದೇ ಹಾಡನ್ನು ಎಲ್ಲರೆದುರು ನುಡಿಸಿ ತೋರಿಸುತ್ತಿದ್ದರು.

ಸ್ಟೋಕ್ಸರ ಈ ವಿವರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಕೊನೆಯ ಹಂತ. ಪಿಟೀಲು ನುಡಿಸುವುದು ಕೇವಲ ಸೌಜನ್ಯವಾಗಿರಲಿಲ್ಲ, ಅದು ಪರೀಕ್ಷೆಯೂ ಆಗಿತ್ತು. ಆ ಹಾಡನ್ನು ಹುಟ್ಟಿದಾಗಿನಿಂದ ಕೇಳಿ ಬೆಳೆದ ಇಡೀ ಊರು ಅಲ್ಲಿ ನಿಂತಿರುವಾಗ ಒಂದು ಸ್ವರ ತಪ್ಪಿದರೂ ಅದು ಮುಚ್ಚಿಟ್ಟುಕೊಳ್ಳುವ ತಪ್ಪಲ್ಲ. ಆದ್ದರಿಂದ ಧಾಟಿಯ ಮೂಲ ರೂಪದ ಮಟ್ಟಿಗೆ ಪೆಟ್ರಿಯವರ ಬರಹವನ್ನು ನಂಬಬಹುದೆಂದೇ ನಾನು ಹೇಳುತ್ತೇನೆ.

ಆದರೆ ಅದು ಹಾಡಿನ ಮೂಲ ರೂಪ ಮಾತ್ರ. ಷಾನ್ ನೋಸ್ ಎಂದು ಈಗ ಕರೆಯುವ ಆ ಹಾಡುಗಾರಿಕೆಯಲ್ಲಿ ಪಕ್ಕವಾದ್ಯವಿಲ್ಲ, ಕೈತಾಳವಿಲ್ಲ. ಲಯವು ಐರಿಷ್ ಮಾತಿನ ಒತ್ತನ್ನು ಅನುಸರಿಸಿ ಹಿಗ್ಗುತ್ತದೆ, ಕುಗ್ಗುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ಹಾಡುಗಾರರು ಸೇರಿಸುವ ಸಣ್ಣ ಸಣ್ಣ ಸುಳಿಗಳು ಒಂದು ನುಡಿಯಲ್ಲಿದ್ದಂತೆ ಮುಂದಿನ ನುಡಿಯಲ್ಲಿ ಇರುವುದಿಲ್ಲ. ಪ್ರತಿ ಎರಡು ಆವರ್ತಕ್ಕೊಮ್ಮೆ ನಿಲ್ಲಿಸಿ ಹಾಡಿಸಿದಾಗ ಈ ಬದಲಾವಣೆ ಉಳಿಯುವುದು ಅಸಾಧ್ಯ. ಒಂದೇ ನುಡಿಗೆ ಬರೆದ ಸ್ವರಲಿಪಿಯಲ್ಲಿ ಅದಕ್ಕೆ ಜಾಗವೂ ಇಲ್ಲ. ನಿಲ್ಲಿಸಿದ ಬಿಂದುವಿನಿಂದಲೇ ಹಾಡನ್ನು ಎತ್ತಿಕೊಳ್ಳುತ್ತಿದ್ದ ಆ ದ್ವೀಪವಾಸಿಗಳ ಹಿಡಿತ ಎಷ್ಟು ಗಟ್ಟಿಯಾಗಿತ್ತು ಎಂಬುದು ನಮಗೆ ತಿಳಿಯುತ್ತದೆ, ಆದರೆ ಅವರು ಬಿಡುವಾಗಿ ಹಾಡಿದಾಗ ಹೇಗೆ ಕೇಳಿಸುತ್ತಿತ್ತು ಎಂಬುದನ್ನು ಆ ಪುಸ್ತಕ ಹೇಳಲಾರದು.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ, ಮತ್ತು ಅದಕ್ಕೆ ಸ್ವರಲಿಪಿಯ ಮಿತಿ ಕಾರಣವಲ್ಲ. ಪೆಟ್ರಿಯವರಿಗೆ ಐರಿಷ್ ಅಷ್ಟಾಗಿ ಬರುತ್ತಿರಲಿಲ್ಲವಾದ್ದರಿಂದಲೇ ಓಕರ್ರಿ ಜೊತೆಗಿದ್ದರು. ಪದ ಒಬ್ಬರ ಕೈಯಲ್ಲಿ, ಧಾಟಿ ಇನ್ನೊಬ್ಬರ ಕೈಯಲ್ಲಿ ಉಳಿಯಿತು. ಓಕರ್ರಿ 1862ರಲ್ಲಿ, ಪೆಟ್ರಿ 1866ರಲ್ಲಿ ತೀರಿಕೊಂಡರು. ಪೆಟ್ರಿಯವರ ಹಸ್ತಪ್ರತಿಗಳಲ್ಲಿದ್ದ 1,582 ಧಾಟಿಗಳನ್ನು ಸಂಗೀತ ಸಂಯೋಜಕ ಚಾರ್ಲ್ಸ್ ವಿಲಿಯರ್ಸ್ ಸ್ಟ್ಯಾನ್‌ಫರ್ಡ್ 1902ರಿಂದ 1905ರ ನಡುವೆ ಸಂಪಾದಿಸಿ ಪ್ರಕಟಿಸಿದಾಗ ಅಚ್ಚಾದದ್ದು ಧಾಟಿಗಳು ಮಾತ್ರ, ಹಾಡುಗಳ ಪದಗಳಲ್ಲ. ಒಂದೇ ಒಲೆಯ ಮುಂದೆ, ಒಂದೇ ಬಾಯಿಂದ ಹೊರಟದ್ದು ಹೀಗೆ ಎರಡಾಗಿ ಒಡೆಯಿತು. ಇದು ಅಲ್ಲಿ ಮೊದಲ ಸಲ ನಡೆದದ್ದೂ ಅಲ್ಲ. 1792ರ ಬೆಲ್‌ಫಾಸ್ಟ್ ಹಾರ್ಪ್ ವಾದಕರ ಸಮ್ಮೇಳನದಲ್ಲಿ ಧಾಟಿಗಳನ್ನು ಬರೆದುಕೊಂಡ ಎಡ್ವರ್ಡ್ ಬಂಟಿಂಗ್, ಹಾಡಿನ ಪದಗಳನ್ನು ತರಲೆಂದು 1802ರಲ್ಲಿ ಪ್ಯಾಟ್ರಿಕ್ ಲಿಂಚ್ ಎಂಬ ಐರಿಷ್ ಬಲ್ಲ ಶಿಕ್ಷಕರನ್ನು ಪಶ್ಚಿಮದ ಕಾನಾಟ್‌ಗೆ ಕಳಿಸಿದರೂ, ಕೊನೆಗೆ ಅಚ್ಚಿಗೆ ಕೊಟ್ಟದ್ದು ಪಿಯಾನೋಗೆ ಹೊಂದಿಸಿದ ಧಾಟಿಗಳನ್ನೇ. ಪಟ್ಟಣದ ಮನೆಗಳಲ್ಲಿ ಪಿಯಾನೋ ಇತ್ತು, ಐರಿಷ್ ಓದುವವರು ಇರಲಿಲ್ಲ. ಹಾಡನ್ನು ಕೊಳ್ಳುವವರ ಅನುಕೂಲಕ್ಕೆ ಕತ್ತರಿಸಿದ ಈ ಕ್ರಮವನ್ನು ನಾನು ಕಾಲದ ದೋಷವೆಂದು ಬಿಟ್ಟುಬಿಡಲಾರೆ. ಅದು ಹಾಡಿದವರ ಭಾಷೆಗೆ ಆದ ಅನ್ಯಾಯ.

ಪೆಟ್ರಿಯವರ ಪರವಾಗಿ ಒಂದು ಮಾತು ಹೇಳಲೇಬೇಕು. 1845ರಲ್ಲಿ ಆಲೂಗೆಡ್ಡೆ ಬೆಳೆಗೆ ರೋಗ ತಗುಲಿ ಶುರುವಾದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಸತ್ತವರಲ್ಲೂ ಹೋದವರಲ್ಲೂ ಐರಿಷ್ ಮಾತಾಡುವ ಬಡವರ ಪಾಲು ಬಹಳ ದೊಡ್ಡದು. ಹಾಡುತ್ತಿದ್ದ ನಾಡು ಮೌನವಾಯಿತೆಂದು, ಕೇಳಿಸಿದ್ದೆಲ್ಲ ಸತ್ತವರಿಗಾಗಿ ಅಳುವ ಕ್ಷೀಣ ದನಿಯೆಂದು ಪೆಟ್ರಿ 1855ರ ತಮ್ಮ ಸಂಪುಟದ ಮುನ್ನುಡಿಯಲ್ಲಿ ಬರೆದಿದ್ದಾರೆ. ಆ ವಯಸ್ಸಿನಲ್ಲಿ ಅವರು ಗುಡಿಸಲಿನ ಹೊಗೆಯಲ್ಲಿ ಕುಳಿತು ರಾತ್ರಿಯೆಲ್ಲ ಬರೆದದ್ದು ಆ ಮೌನವನ್ನು ಕೇಳಿದ ಮೇಲೆ.

ಪ್ರಶ್ನೆ: ಜಾನಪದ ಸಂಗ್ರಹಕಾರರು ಮತ್ತೆ ಮತ್ತೆ ದ್ವೀಪಗಳಿಗೇ ಏಕೆ ಹೋಗುತ್ತಿದ್ದರು? ಹೊರಜಗತ್ತಿನ ಸಂಪರ್ಕವಿಲ್ಲದ್ದರಿಂದ ಅಲ್ಲಿ ಹಾಡುಗಳು ಶುದ್ಧವಾಗಿ ಉಳಿದಿದ್ದವೇ? (ಉಡುಪಿಯ ಓದುಗರು)

ಉತ್ತರ: ಹೋದವರಲ್ಲಿ ಅನೇಕರು ಹಾಗೆಂದೇ ನಂಬಿದ್ದರು. ಅರನ್‌ನಲ್ಲಿ ಐರಿಷ್ ಉಳಿದಿತ್ತು ಎಂಬುದು ನಿಜ, ಅದೇ ಮುಖ್ಯ ಕಾರಣ. ಆದರೆ ಸಂಪರ್ಕವಿರಲಿಲ್ಲ ಎಂಬುದು ನಿಜವಲ್ಲ. ಆ ದ್ವೀಪಗಳು ಬರೀ ಸುಣ್ಣಕಲ್ಲು. ಜನರು ಮರಳನ್ನೂ ಕಡಲಕಳೆಯನ್ನೂ ಬಂಡೆಯ ಮೇಲೆ ಹೊತ್ತು ಹಾಕಿ ಹೊಲದ ಮಣ್ಣನ್ನೇ ತಯಾರಿಸಿಕೊಂಡವರು. ಅಲ್ಲಿ ಮರವಿಲ್ಲ, ಉರುವಲಿಗೆ ಜೌಗು ನೆಲವೂ ಇಲ್ಲ. ಆದ್ದರಿಂದ ಒಲೆಗೆ ಬೇಕಾದ, ಜೌಗಿನಿಂದ ಕಡಿದು ಒಣಗಿಸಿದ ಪೀಟ್ ಹೆಂಟೆಗಳು ಎದುರು ದಡದ ಕಾನಮಾರಾದಿಂದ ಹಾಯಿದೋಣಿಗಳಲ್ಲಿ ಬರುತ್ತಿದ್ದವು. ಪೆಟ್ರಿ ಕುಳಿತಿದ್ದ ಗುಡಿಸಲನ್ನು ಬೆಳಗಿದ ಬೆಂಕಿಯೂ ದೋಣಿಯಲ್ಲಿ ಬಂದದ್ದೇ. ದೋಣಿಯವರು ಬಂದಲ್ಲಿ ಹಾಡೂ ಬರುತ್ತದೆ. ಮೀನುಗಾರಿಕೆ, ಮದುವೆ, ಜಾತ್ರೆಗಳಿಂದಲೂ ಬರುತ್ತದೆ. ಅರನ್‌ನಲ್ಲಿ ಬರೆದುಕೊಂಡ ಹಾಡುಗಳಲ್ಲಿ ಬಹುಪಾಲು ಕಾನಮಾರಾದಲ್ಲೂ ಸಿಗುವುದು ಇದೇ ಕಾರಣಕ್ಕೆ.

ಹಾಡು ದ್ವೀಪದಿಂದ ಹೊರಗೂ ಹೋಯಿತು. ಐರ್ಲೆಂಡಿನ ವಾಯವ್ಯದ ಡೊನಿಗಾಲ್ ಕರಾವಳಿಯ ಅರಾನ್‌ಮೋರ್ ದ್ವೀಪದ ಅನೇಕ ಕುಟುಂಬಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಮಿಶಿಗನ್ ಸರೋವರದ ಬೀವರ್ ದ್ವೀಪದಲ್ಲಿ ನೆಲೆಸಿದವು. ಕಡಲಿನ ಮೀನುಗಾರರು ಸಿಹಿನೀರಿನ ಮೀನುಗಾರರಾದರು. 1938ರಲ್ಲಿ ಜಾನಪದ ಸಂಗ್ರಹಕಾರ ಏಲನ್ ಲೋಮ್ಯಾಕ್ಸ್ ಅಮೆರಿಕದ ಸಂಸತ್ ಗ್ರಂಥಾಲಯದ ಪರವಾಗಿ ಧ್ವನಿಮುದ್ರಣ ಯಂತ್ರವನ್ನು ಹೊತ್ತು ಅಲ್ಲಿಗೆ ಹೋದಾಗ, ಹಳೆಯ ಐರ್ಲೆಂಡಿನ ಹಾಡುಗಳ ಪಕ್ಕದಲ್ಲೇ ಮರ ಕಡಿಯುವವರ ಹಾಡುಗಳೂ ಸರೋವರದ ಹಡಗುಗಳ ಹಾಡುಗಳೂ ಅದೇ ಗಂಟಲುಗಳಲ್ಲಿದ್ದವು. ದ್ವೀಪದಲ್ಲಿ ಜನ ಕಡಿಮೆ, ಚಳಿಗಾಲದ ರಾತ್ರಿ ಉದ್ದ, ಕಡಲು ಕೆರಳಿದರೆ ಯಾರೂ ಹೊರಗೆ ಹೋಗುವಂತಿಲ್ಲ. ಹೀಗಾಗಿ ಅವರು ಹಾಡಿಗೆ ಕೊಟ್ಟ ಹೊತ್ತು ಹೆಚ್ಚು. ಶುದ್ಧಿಗಿಂತ ಈ ಬಳಕೆಯೇ ಹಾಡನ್ನು ಉಳಿಸಿತೆಂದು ನಾನು ತಿಳಿದಿದ್ದೇನೆ.

ಪ್ರಶ್ನೆ: ಹೊರಗಿನಿಂದ ಬಂದ ಓದಿದವರು ಬಡ ಮೀನುಗಾರರ ಹಾಡನ್ನು ಬರೆದುಕೊಂಡು ಹೋಗಿ ಹೆಸರು ಗಳಿಸಿದರು, ಹಾಡಿದವರಿಗೆ ಸಿಕ್ಕಿದ್ದೇನು? ಒಳ್ಳೆಯ ಸಂಗ್ರಹಕಾರ, ಕೆಟ್ಟ ಸಂಗ್ರಹಕಾರ ಎಂಬ ಭೇದವಾದರೂ ಇದೆಯೇ? (ಕಲಬುರಗಿಯ ಓದುಗರು)

ಉತ್ತರ: ಭೇದವಿದೆ, ಮತ್ತು ಅದನ್ನು ತೋರಿಸಲು ಷೇಮಸ್ ಎನಿಸ್ ಅವರ ಕೆಲಸಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸ್ವತಂತ್ರ ಐರ್ಲೆಂಡಿನ ಸರ್ಕಾರ 1935ರಲ್ಲಿ ಜಾನಪದ ಆಯೋಗವೊಂದನ್ನು ಸ್ಥಾಪಿಸಿತು. ಅದರ ಸಂಗ್ರಹಕಾರರಿಗೆ ಮೇಣದ ಉರುಳೆಯ ಮೇಲೆ ಧ್ವನಿ ಮುದ್ರಿಸುವ ಎಡಿಫೋನ್ ಯಂತ್ರವಿತ್ತು. ಆದರೆ ದುಡ್ಡಿನ ಬಿಗಿಯಿಂದಾಗಿ, ಕೇಳಿ ಬರೆದುಕೊಂಡ ಮೇಲೆ ಉರುಳೆಯ ಮೇಲ್ಪದರವನ್ನು ಹೆರೆದು ಅದನ್ನೇ ಮತ್ತೆ ಬಳಸಬೇಕಾಗಿತ್ತು. ಸಾವಿರಾರು ದನಿಗಳು ಹಾಗೆ ಹೆರೆದುಹೋದವು, ಬರಹ ಮಾತ್ರ ಉಳಿಯಿತು. ಡಬ್ಲಿನ್ ಹತ್ತಿರ ಹುಟ್ಟಿ, ಐರಿಷ್ ಪೈಪ್ ವಾದ್ಯವನ್ನು ತಂದೆಯಿಂದ ಕಲಿತಿದ್ದ, ಒಂದು ಮುದ್ರಣಾಲಯದಲ್ಲಿ ಕೆಲಸ ಮಾಡುತ್ತ ಧಾಟಿಯನ್ನು ಕೇಳಿ ಬರೆಯುವುದನ್ನು ರೂಢಿಸಿಕೊಂಡಿದ್ದ ಎನಿಸ್ 1942ರಲ್ಲಿ ಈ ಆಯೋಗ ಸೇರಿದಾಗ ಅವರಿಗೆ ಇಪ್ಪತ್ತಮೂರು ವರ್ಷ. ಮಹಾಯುದ್ಧದ ಕಾಲ; ಪೆಟ್ರೋಲ್ ಸಿಗುತ್ತಿರಲಿಲ್ಲ. ಅವರು ಪಶ್ಚಿಮದ ಹಳ್ಳಿಗಳನ್ನೆಲ್ಲ ಸೈಕಲ್ಲಿನಲ್ಲೇ ಸುತ್ತಿದರು. ಹೆಚ್ಚಿನ ಹಾಡುಗಳನ್ನು ಪೆಟ್ರಿಯವರಂತೆಯೇ ಕಿವಿಯಿಂದ ಕೇಳಿ ಕೈಯಿಂದ ಬರೆದರು. ಆದರೆ ಈ ಸಲ ಪದವನ್ನೂ ಧಾಟಿಯನ್ನೂ ಬರೆದದ್ದು ಒಂದೇ ಕೈ, ಏಕೆಂದರೆ ಎನಿಸ್ ಐರಿಷನ್ನು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರೆಂದರೆ ಯಾವ ಊರಿಗೆ ಹೋದರೂ ಅಲ್ಲಿಯ ಆಡುಮಾತಿನಲ್ಲೇ ಮಾತಾಡುತ್ತಿದ್ದರು.

ಕಾನಮಾರಾದ ಕಡಲಂಚಿನ ಗ್ಲಿನ್ಷ್ಕ ಎಂಬಲ್ಲಿದ್ದ ಕೊಲಮ್ ಓ ಕೀಯಾನ್ ಎಂಬ ರೈತ ಮತ್ತು ಮೀನುಗಾರರೊಬ್ಬರಿಂದಲೇ ಎನಿಸ್ 212 ಹಾಡು, ಧಾಟಿ, ಪದ್ಯಗಳನ್ನು ಬರೆದುಕೊಂಡರು. ಅಷ್ಟು ದೊಡ್ಡ ಭಂಡಾರ ಒಂದೆರಡು ಸಂಜೆಗಳಲ್ಲಿ ಹೊರಬರುವುದಿಲ್ಲ. ಎನಿಸ್ ಅವರೊಡನೆ ಹೊಲದ ಕೆಲಸಕ್ಕೆ ಕೈ ಹಚ್ಚಿದರು, ದೋಣಿಯಲ್ಲಿ ಹೋದರು, ರಾತ್ರಿ ಪೈಪ್ ನುಡಿಸಿದರು. ಕೆಲಸದ ನಡುವೆ ನೆನಪಾದ ಒಂದು ನುಡಿಯನ್ನು ಅಲ್ಲೇ ಬರೆದುಕೊಂಡರು. ಅವರ ದಿನಚರಿ ಈಗ ಪ್ರಕಟವಾಗಿದೆ, ಅದನ್ನು ಓದಿದರೆ ಸಂಗ್ರಹವೆಂಬುದು ಸ್ನೇಹದ ದಾಖಲೆಯಂತೆಯೇ ಕಾಣುತ್ತದೆ. ಅರನ್ ದ್ವೀಪಗಳಿಗೂ ಅವರು 1945ರಲ್ಲಿ ಹೋಗಿದ್ದರು. ಹಾಡಿದವರ ಹೆಸರು, ಊರು, ವಯಸ್ಸು, ಆ ಹಾಡನ್ನು ಅವರು ಯಾರಿಂದ ಕಲಿತರು ಎಂಬುದನ್ನು ಬರೆದಿಡುವುದು ಆಯೋಗದ ನಿಯಮವಾಗಿತ್ತು. ನಿಮ್ಮ ಪ್ರಶ್ನೆಗೆ ಈ ನಿಯಮವೇ ಒಂದು ಭಾಗದ ಉತ್ತರ: ಹಾಡಿದವರಿಗೆ ಹಣ ಸಿಗಲಿಲ್ಲ, ಆದರೆ ಹೆಸರು ಅಳಿಯಲಿಲ್ಲ.

ಯಂತ್ರ ಬಂದ ಮೇಲೆ ಎಲ್ಲವೂ ಸರಿಹೋಯಿತು ಎಂದುಕೊಳ್ಳುವಂತಿಲ್ಲ. ಅಮೆರಿಕದ ಸಿಡ್ನಿ ರಾಬರ್ಟ್‌ಸನ್ ಕೌವೆಲ್ 1950ರ ದಶಕದ ನಡುವಿನಲ್ಲಿ ಟೇಪ್ ಯಂತ್ರದೊಡನೆ ಅರನ್‌ಗೆ ಬಂದರು, ಅವರು ಮುದ್ರಿಸಿದ್ದನ್ನು ಫೋಕ್‌ವೇಸ್ ಸಂಸ್ಥೆ 1957ರಲ್ಲಿ ಧ್ವನಿತಟ್ಟೆಯಾಗಿ ತಂದಿತು. ಪೆಟ್ರಿಯವರ ಪುಸ್ತಕ ಕೊಡಲಾರದ್ದನ್ನು ಆ ತಟ್ಟೆ ಕೊಡುತ್ತದೆ: ಉಸಿರು, ಸುಳಿ, ನುಡಿಯಿಂದ ನುಡಿಗೆ ಆಗುವ ಬದಲಾವಣೆ. ಅದರಲ್ಲಿ ಸತ್ತವರ ಮುಂದೆ ಹೆಂಗಸರು ಹಾಡಿಕೊಂಡು ಅಳುವ ಶೋಕಗೀತವೂ ಇದೆ. ಅದು ಸಾವಿನ ಮನೆಯಲ್ಲಿ ಮಾತ್ರ ಹುಟ್ಟುವ ಹಾಡು. ಸಾವಿಲ್ಲದ ಹೊತ್ತಿನಲ್ಲಿ, ಯಂತ್ರದ ಮುಂದೆ ಅದನ್ನು ಹಾಡುವಾಗ ಸ್ವರಗಳು ಅವೇ ಇದ್ದರೂ ಸಂದರ್ಭ ಇರುವುದಿಲ್ಲ. ಸಂಗ್ರಹಕಾರರು ಇಂಥದನ್ನು ಕೇಳಬಾರದೆಂದು ನಾನು ಹೇಳುವುದಿಲ್ಲ. ಕೇಳಿದ ಮೇಲೆ, ಅದು ಎಲ್ಲಿಯದು, ಯಾವಾಗಿನದು, ಇಲ್ಲಿ ಹೇಗೆ ಹಾಡಲಾಯಿತು ಎಂಬುದನ್ನು ಹಾಡಿನಷ್ಟೇ ಶ್ರದ್ಧೆಯಿಂದ ಬರೆದಿಡಬೇಕು.

ಈ ವಿಷಯದಲ್ಲಿ ಡೊನಿಗಾಲ್‌ನ ಟೋರಿ ದ್ವೀಪದಲ್ಲಿ ಕೆಲಸ ಮಾಡಿದ ಲಿಲಿಸ್ ಓ ಲೀರೆ ಅವರನ್ನು ನೆನೆಯಬೇಕು. ಅವರು ಎದುರು ದಡದವರು, ಸ್ವತಃ ಷಾನ್ ನೋಸ್ ಹಾಡುಗಾರಿಕೆಯ ಅತ್ಯುನ್ನತ ಬಹುಮಾನ ಪಡೆದವರು. ಟೋರಿಯ ಜನಕ್ಕೆ ಹಾಡೆಂದರೆ ಪದ, ಧಾಟಿಗಳ ಜೊತೆಗೆ ಅದು ಹುಟ್ಟಿದ ಕಥೆಯೂ ಹೌದು, ಅದನ್ನು ಹಾಡಬೇಕಾದ ಸಮಯವೂ ಹೌದು ಎಂಬುದನ್ನು ಅವರು ವಿವರವಾಗಿ ತೋರಿಸಿಕೊಟ್ಟರು. ಹಾಗೆಯೇ ಅರನ್‌ನವರೇ ಆದ ಡೇರ್‌ಡ್ರಾ ನೀ ಖೊನೀಲೆ, ಪೆಟ್ರಿಯವರಿಂದ ಮೊದಲಾಗಿ ತಮ್ಮ ಊರಿಗೆ ಬಂದ ಸಂಗ್ರಹಕಾರರ ಬಗ್ಗೆಯೇ ಸಂಶೋಧನೆ ಮಾಡಿ 2021ರಲ್ಲಿ ಗ್ರಂಥ ಪ್ರಕಟಿಸಿದರು. ಅಲ್ಲಿಯವರೇ ಒಬ್ಬ ಮಹಿಳೆ ತಮ್ಮ ಬಂಧುಬಳಗದ ಹಾಡುಗಳನ್ನು ಧ್ವನಿಮುದ್ರಿಸಿಟ್ಟದ್ದನ್ನೂ ಅವರು ಅದರಲ್ಲಿ ಸೇರಿಸಿದ್ದಾರೆ. ನೂರಕ್ಕೂ ಹೆಚ್ಚು ವರ್ಷ ಇತರರ ಪೆನ್ನಿನ ಮುಂದೆ ಕುಳಿತ ಊರು ಈಗ ಆ ಪೆನ್ನು ಹಿಡಿದವರನ್ನೇ ಪರಿಶೀಲಿಸುತ್ತಿದೆ. ನಿಮ್ಮ ಪ್ರಶ್ನೆಯಲ್ಲಿರುವ ನೋವಿಗೆ ಇದಕ್ಕಿಂತ ತಕ್ಕ ಪರಿಹಾರ ಇರಲಾರದು.

ಪ್ರಶ್ನೆ: ಕುವೆಂಪು ಅವರಿಗೆ ಕನ್ನಡದಲ್ಲಿ ಬರೆಯುವಂತೆ ಹೇಳಿದ ಐರಿಷ್ ಕವಿಗೂ ಈ ಹಾಡು ಸಂಗ್ರಹಕ್ಕೂ ಏನಾದರೂ ಸಂಬಂಧವಿತ್ತೇ? (ಮೈಸೂರಿನ ಓದುಗರು)

ಉತ್ತರ: ನೇರ ಸಂಬಂಧವಿಲ್ಲ, ಆದರೆ ಆ ಕವಿಯೂ ಆ ಕಾಲದ ಹಾಡು ಸಂಗ್ರಹಕಾರರೂ ಒಂದೇ ಗಾಳಿಯಲ್ಲಿ ಬೆಳೆದವರು. 1924ರಲ್ಲಿ ಮೈಸೂರಿನಲ್ಲಿ ಕುವೆಂಪು ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದಾಗ ಮಾತೃಭಾಷೆಯಲ್ಲಿ ಬರೆಯುವಂತೆ ಸಲಹೆ ಕೊಟ್ಟ ಜೇಮ್ಸ್ ಕಸಿನ್ಸ್ ಬೆಲ್‌ಫಾಸ್ಟಿನಲ್ಲಿ ಹುಟ್ಟಿದವರು, 1915ರಲ್ಲಿ ಭಾರತಕ್ಕೆ ಬರುವ ಮೊದಲು ಡಬ್ಲಿನ್ನಿನ ಸಾಹಿತ್ಯ ಪುನರುತ್ಥಾನದಲ್ಲಿ ಭಾಗವಹಿಸಿದವರು. ಅವರು ಬರೆದದ್ದು ಇಂಗ್ಲಿಷಿನಲ್ಲಿ, ಹಾಡು ಸಂಗ್ರಹಿಸಿದವರಲ್ಲ. ಆದರೆ ಆ ಪುನರುತ್ಥಾನಕ್ಕೆ ಬಲ ಕೊಟ್ಟದ್ದು 1893ರಲ್ಲಿ ಐರಿಷ್ ಭಾಷೆಯ ಉಳಿವಿಗಾಗಿ ಹುಟ್ಟಿದ ಗೇಲಿಕ್ ಲೀಗ್. ಅದರ ಮೊದಲ ಅಧ್ಯಕ್ಷರಾದ ಡಗ್ಲಸ್ ಹೈಡ್ ಅದೇ ವರ್ಷ ಕಾನಾಟ್‌ನ ಜನರ ಪ್ರೇಮಗೀತೆಗಳನ್ನು ಐರಿಷ್ ಮೂಲದೊಡನೆ ಪ್ರಕಟಿಸಿದ್ದರು. ಜನರ ಬಾಯಲ್ಲಿರುವ ಭಾಷೆಗೆ ಕಾವ್ಯದ ಯೋಗ್ಯತೆ ಇದೆ ಎಂಬ ವಿಶ್ವಾಸ ಆ ವಾತಾವರಣದಲ್ಲಿ ಇತ್ತು. ಕಸಿನ್ಸರ ಸಲಹೆಯ ಹಿಂದೆ ಅದು ಇದ್ದಿರಬೇಕೆಂದು ನಾನು ಊಹಿಸುತ್ತೇನೆ.

ಪ್ರಶ್ನೆ: ಈ ಹಾಡುಗಳನ್ನು ಈಗ ಕೇಳಬೇಕೆಂದರೆ ಎಲ್ಲಿ ಹುಡುಕಬೇಕು? ಐರಿಷ್ ಗೊತ್ತಿಲ್ಲದವರು ಹೇಗೆ ಕೇಳಬೇಕು? (ಬೆಂಗಳೂರಿನ ಓದುಗರು)

ಉತ್ತರ: ಜಾನಪದ ಆಯೋಗದ ಸಂಗ್ರಹವೆಲ್ಲ ಈಗ ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದೆ. ಯುನೆಸ್ಕೋ 2017ರಲ್ಲಿ ಅದನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು, ಅದರ ಒಂದು ದೊಡ್ಡ ಭಾಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. 1987ರಲ್ಲಿ ಸ್ಥಾಪನೆಯಾದ ಐರಿಷ್ ಸಾಂಪ್ರದಾಯಿಕ ಸಂಗೀತ ಭಂಡಾರವೂ ಡಬ್ಲಿನ್ನಿನಲ್ಲೇ ಇದ್ದು, ಅದರ ಧ್ವನಿಮುದ್ರಣಗಳನ್ನೂ ಮನೆಯಲ್ಲೇ ಕುಳಿತು ಕೇಳಬಹುದು. ಕೌವೆಲ್ ಅವರ ತಟ್ಟೆಯನ್ನು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ ಇಂದಿಗೂ ಒದಗಿಸುತ್ತಿದೆ.

ಕೇಳುವ ಬಗೆಯ ಬಗ್ಗೆ ನನ್ನ ಸಲಹೆ ಇಷ್ಟು. ಮೊದಲ ಸಲಕ್ಕೆ ಸಣ್ಣ ಹಾಡೊಂದನ್ನು ಆರಿಸಿಕೊಳ್ಳಿ. ಅದರ ಇಂಗ್ಲಿಷ್ ಅನುವಾದ ಸಿಕ್ಕರೆ ಮೊದಲೇ ಓದಿ, ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ತಿಳಿದುಕೊಳ್ಳಿ. ಹಾಡುಗಾರರು ದನಿಯನ್ನು ಏರಿಸಿ ಇಳಿಸಿ ಭಾವ ತೋರಿಸುವುದಿಲ್ಲ, ಆದ್ದರಿಂದ ಮೊದಲಿಗೆ ಹಾಡು ಒಂದೇ ಸಮನೆ ಹೋಗುವಂತೆ ಅನ್ನಿಸಬಹುದು. ಮೊದಲ ನುಡಿಯ ಧಾಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮೂರನೆಯ ನುಡಿಯಲ್ಲಿ ಅದೇ ಸಾಲು ಎಲ್ಲಿ ಬೇರೆಯಾಯಿತು, ಯಾವ ಪದದ ಮೇಲೆ ಸುಳಿ ಹೆಚ್ಚಾಯಿತು ಎಂದು ಗಮನಿಸಿ. ಹಾಡುಗಾರರು ಪದವನ್ನು ಕೇಳುಗರಿಗೆ ಮುಟ್ಟಿಸಲು ಬಳಸುವ ಉಪಾಯವೆಲ್ಲ ಅಲ್ಲಿದೆ. ಕೆಲವು ಮುದ್ರಣಗಳಲ್ಲಿ ನಡುನಡುವೆ ಸುತ್ತಲಿನ ಜನ ಹಾಡುಗಾರರನ್ನು ಹುರಿದುಂಬಿಸುವ ಮಾತುಗಳೂ ಕೇಳುತ್ತವೆ. ಕೊನೆಯ ಸಾಲನ್ನು ಕೆಲವರು ಹಾಡದೆ ಮಾತಿನಲ್ಲೇ ಆಡಿ ಮುಗಿಸುತ್ತಾರೆ. ಅಲ್ಲಿ ಮುದ್ರಣ ಹಾಳಾಗಿದೆಯೆಂದು ಭಾವಿಸಬೇಡಿ, ಅದು ಅವರ ರೂಢಿ.